ಎಡಗಡೆಯ ಸೀಟಿನ ಪ್ಲಾಸ್ಟಿಕ್ಕು

"ನೀವ್ ಡ್ರೈವರ್ ಅಲ್ದಾ? ಸುಳ್ಳ್ ಹೇಳೂದ್ ಬ್ಯಾಡ. ಗಾಡಿ ಹ್ಯಾಂಗಿತ್ತ್?" ಎಂದು ಬ್ರಹ್ಮಾವರದ ಹೋಟೆಲಿನವನು ಕೇಳಿದಾಗ ನನಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಕುಂದಾಪುರದ ಸ್ಟ್ಯಾಂಡಿನಲ್ಲಿ ಟ್ಯಾಕ್ಸಿ ಇಟ್ಟುಕೊಂಡು ಅರ್ಧ ಆಯುಷ್ಯ ಕಳೆದವನು ನಾನು. ಎದುರಿಗೆ ನಿಂತಿದ್ದದ್ದು ನನ್ನ ಅಣ್ಣನ ಕೆಂಪು ಸ್ಪೋರ್ಟ್ಸ್ ಕಾರು. ಅದನ್ನು ಮಾರಿಬಿಡು ಎಂದು ಅಣ್ಣ ಮುಂಬಯಿಯಿಂದ ಫೋನ್ ಮಾಡಿದ್ದ. "ನೀನೇ ತೋರ್ಸ್ ಮರಾಯಾ. ನಂಗೆ ಅದ್ರ್ ಮೋರೆ ಕಾಂಬುಕೆ ಆತ್ತಿಲ್ಲ" ಅಂದಿದ್ದ. ಹಾಗಾಗಿ ಗಂಗೊಳ್ಳಿಯ ಶೆಡ್ಡಿನ ಬಾಗಿಲು ತೆಗೆದು, ಬಂದವನಿಗೆ ಕಾರಿನ ಗುಣಗಾನ ಮಾಡುವ ಕರ್ಮ ನನ್ನ ತಲೆಗೆ ಬಂತು.

ರೂಪದ ಮಾತಿಗೆ ಬಂದರೆ, ಹೇಳಲೇಬೇಕು, ಅಂಥ ಚೆಲುವಿನ ಗಾಡಿಯನ್ನು ನಾನು ಮುಟ್ಟಿದ್ದು ಅದೊಂದೇ. ನೆಲಕ್ಕೆ ಹೊಟ್ಟೆ ಹಚ್ಚಿಕೊಂಡ ಹಾಗೆ ನಿಂತಿರುತ್ತಿತ್ತು. ಎರಡೇ ಬಾಗಿಲು, ಎರಡೇ ಸೀಟು, ಹಾಲಿನ ಕೆನೆ ಬಣ್ಣದ ಚರ್ಮ. ಅಣ್ಣ ಮೊದಲ ಸಲ ಊರಿಗೆ ತಂದ ದಿನ ತ್ರಾಸಿಯ ತಿರುವಿನಿಂದ ಗಂಗೊಳ್ಳಿಯವರೆಗೆ ಜನ ರಸ್ತೆ ಬದಿಗೆ ಬಂದು ನಿಂತಿದ್ದರು. ಹಂಪು ಬಂದಲ್ಲೆಲ್ಲ ಅವನು ಕಾರನ್ನು ಅಡ್ಡಡ್ಡ ತಿರುಗಿಸಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸುತ್ತಿದ್ದ. ಆದರೂ ಹೊಟ್ಟೆ ಉಜ್ಜಿ ಕರ್ ಎನ್ನುತ್ತಿತ್ತು. "ಹ್ವಾಯ್, ಎತ್ಕಂಡ್ ಹೋಪ್ದಾ?" ಎಂದು ಯಾರೋ ಕೂಗಿದರು. ಅಣ್ಣನೂ ನಕ್ಕ. ಆ ದಿನ ಅವನು ಎಲ್ಲದಕ್ಕೂ ನಗುತ್ತಿದ್ದ.

ಕಾರು ಯಾಕೆ ಬಂತು ಎನ್ನುವುದನ್ನು ನಾನು ಗಿರಾಕಿಗೆ ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ. ಅಮ್ಮನನ್ನು ನಾವು ಅಬ್ಬಿ ಎನ್ನುತ್ತಿದ್ದೆವು. ಬೆಳಿಗ್ಗೆ ಬಂದರಿನಲ್ಲಿ ಮೀನು ಕೊಂಡು, ಬುಟ್ಟಿ ಹೊತ್ತು ತ್ರಾಸಿಗೆ ಬಂದು, ಅಲ್ಲಿಂದ ಬಸ್ಸು ಹತ್ತಿ ಬೈಂದೂರಿನ ಕಡೆ ಮನೆಮನೆಗೆ ಮಾರುವುದು ಅವಳ ಕೆಲಸ. ತೊಂಬತ್ತೇಳರಲ್ಲಿ ಒಂದು ದಿನ ಬುಟ್ಟಿಯ ನೀರು ಯಾರದೋ ಪ್ಯಾಂಟಿಗೆ ಸೋರಿತಂತೆ. ಕಂಡಕ್ಟರು ಸೀಟಿ ಊದಿ ಅವಳನ್ನು ಮರವಂತೆಯಲ್ಲಿ ಇಳಿಸಿಬಿಟ್ಟ. ಜೊತೆಗಿದ್ದ ಅಣ್ಣನಿಗೆ ಆಗ ಮೀಸೆ ಚಿಗುರುವ ವಯಸ್ಸು. ಇಬ್ಬರೂ ಸಮುದ್ರದ ಪಕ್ಕದ ಆ ರಸ್ತೆಯಲ್ಲಿ ಬುಟ್ಟಿ ಹೊತ್ತು ನಡೆದರು. ಮರು ತಿಂಗಳೇ ಅವನು ಹೋಟೆಲು ಕೆಲಸಕ್ಕೆ ಮುಂಬಯಿಗೆ ಹೋದ. ಹೋಗುವಾಗ, "ಇದೇ ರಸ್ತಿಯಂಗೆ ಕಾರಂಗೆ ನಿನ್ನ ಕರ್ಕಂಡ್ ಹೋತೆ, ಕಾಣ್ತಾ ಇರ್" ಅಂದ.

ಅಬ್ಬಿ ಆ ಮಾತನ್ನು ಬಂದರಿಗೆಲ್ಲ ಹಂಚಿದಳು. ಬಸ್ಸಿನಲ್ಲಿ ಯಾರಾದರೂ ಮೂಗು ಮುಚ್ಚಿದರೆ, "ನನ್ ಮಗ ಕಾರ್ ತಕಂಡ್ ಬತ್ತ. ಮತ್ತೆ ನಿಮ್ ಬಸ್ಸ್ ಯಾರಿಗ್ ಬೇಕ್?" ಎನ್ನುತ್ತಿದ್ದಳು. ಕಂಡಕ್ಟರುಗಳು, "ಎಂತ, ಕಾರ್ ಬಂತಾ?" ಎಂದು ತಮಾಷೆ ಮಾಡುವುದು ವರ್ಷಗಟ್ಟಲೆ ನಡೆಯಿತು. ಅವನು ಲೋಟ ತೊಳೆದ, ಗಲ್ಲಾಪೆಟ್ಟಿಗೆಯ ಮುಂದೆ ಕೂತ, ಕೊನೆಗೆ ಪಾಲುದಾರನಾದ. ಆಮೇಲೆ ಯಾವನೋ ಬಿಲ್ಡರು ಬೇಸರ ಬಂದು ಮಾರಿದ ಈ ಕಾರನ್ನು ಕೊಂಡ. ನಾಲ್ಕು ಬಾಗಿಲಿನ ಸಾದಾ ಕಾರು ಸಾಲದಾಗಿತ್ತೇ? ಸಾಲದಾಗಿತ್ತು. ಅಬ್ಬಿಯನ್ನು ಇಳಿಸಿದ ಆ ಬಸ್ಸಿನ ಮುಂದೆ ಸಾದಾ ಕಾರು ಅವನಿಗೆ ಸಾಕಾಗುವಂತಿರಲಿಲ್ಲ.

ನಮ್ಮ ಮನೆಯ ಓಣಿ ಬರೀ ಮರಳು, ಕಾರು ಒಳಗೆ ಬರುವ ಮಾತೇ ಇಲ್ಲ. ರಸ್ತೆ ಬದಿಯ ನಮ್ಮ ಶೆಡ್ಡಿಗೆ ಛಾವಣಿಯಿತ್ತು, ಅಗಲದ ಬಾಗಿಲಿತ್ತು. ಅಪ್ಪನ ಕಾಲದಿಂದ ಅಲ್ಲಿ ಮೀನಿಗೆ ಉಪ್ಪು ಹಾಕಿ ಒಣಗಿಸಿ ರಾಶಿ ಮಾಡುತ್ತಿದ್ದೆವು. ಅದನ್ನು ಗುಡಿಸಿ, ತೊಳೆದು, ಫಿನಾಯಿಲು ಹೊಡೆದು, ಊದುಬತ್ತಿ ಹಚ್ಚಿ ಕಾರು ನಿಲ್ಲಿಸಿದೆವು. ಮೂಗಿಗೆ ಏನೂ ಹೊಡೆಯಲಿಲ್ಲ. ನಮ್ಮ ಮನೆಯಲ್ಲಿ ಯಾರ ಮೂಗಿಗೆ ಒಣಮೀನು ಹೊಡೆಯಬೇಕು ಹೇಳಿ? ಹುಟ್ಟಿದ್ದೇ ಅದರ ಮಧ್ಯೆ. ಅಷ್ಟರಲ್ಲಿ ಮುಂಬಯಿಯಿಂದ ತುರ್ತು ಕರೆ ಬಂತು. "ಮಳಿ ಬಿಟ್ಟ್ ಕೂಡ್ಲೆ ಬತ್ತೆ ಅಬ್ಬಿ, ಆಗ ಬೈಂದೂರಿಗೆ ಚಿಕ್ಕಿ ಮನಿಗೆ ಹೋಪ" ಎಂದು ಅಣ್ಣ ಹೊರಟ.

ಮಳೆಗಾಲವಿಡೀ ಅಬ್ಬಿ ದಿನಾ ಶೆಡ್ಡಿಗೆ ಹೋಗಿ ಹಳೆ ಸೀರೆಯ ಮೆತ್ತನೆ ತುಂಡಿನಿಂದ ಕಾರು ಒರೆಸಿದಳು. ಒಳಗೆ ಗಾಳಿ ಆಡಲಿ ಎಂದು ಬಾಗಿಲು ತೆರೆದಿಡುತ್ತಿದ್ದಳು. ನೆಲದಲ್ಲಿ ಇಂಗಿದ ಉಪ್ಪು ಆ ತೇವಕ್ಕೆ ಮೇಲೆದ್ದು ಚಕ್ರದ ಒಳಗಿನ ಬ್ರೇಕನ್ನು ತಿಂದಿತು. ಮಂಗಳೂರಿನಿಂದ ಬಂದ ಮೆಕ್ಯಾನಿಕ್ಕು ಸಾಮಾನಿನ ಪಟ್ಟಿ ಓದುವಾಗ ನಾನು ಹಣೆಗೆ ಕೈ ಇಟ್ಟು ಕೂತಿದ್ದೆ. ಅದರ ಒಂದು ಟೈರಿನ ಹಣದಲ್ಲಿ ನನ್ನ ಟ್ಯಾಕ್ಸಿಗೆ ನಾಲ್ಕೂ ಹಾಕಿಸಿ ಇನ್ನೂ ಮಿಗುತ್ತಿತ್ತು. ಪೆಟ್ರೋಲಂತೂ ಕೇಳಬೇಡಿ, ಅದು ನಿಂತಲ್ಲೇ ಕುಡಿಯುತ್ತದೋ ಎಂದು ನನಗೆ ಅನುಮಾನ.

ಮಳೆ ಬಿಟ್ಟಿತು, ಅಣ್ಣ ಬಂದ. ಜೊತೆಗೆ ಇದೇ ಬ್ರಹ್ಮಾವರದ ಹೋಟೆಲಿನ ಸ್ನೇಹಿತನನ್ನು ಕಾರು ತೋರಿಸಲು ಕರೆತಂದಿದ್ದ. ಅವನು ಬಾಗಿಲು ತೆಗೆದು ತಲೆ ಒಳಗೆ ಹಾಕಿದ, ಹಾಗೇ ಹಿಂದೆ ಸರಿದ. "ಅಯ್ಯಬ್ಬೆ! ಎಂತ ಮರಾಯಾ, ಮೀನ್ ಲಾರಿಯಾ ಇದ್?"

ಅಣ್ಣನ ಮುಖ ಕಪ್ಪಿಟ್ಟಿತು. ಆ ಕ್ಷಣದಿಂದ ಅವನ ಮೂಗಿಗೂ ಹೊಡೆಯತೊಡಗಿತು. ಶಾಂಪೂ ಹಾಕಿ ತಿಕ್ಕಿದ, ಸೆಂಟು ಸುರಿದ, ಬಿಸಿಲಿಗಿಟ್ಟ. ಹೋಗಲಿಲ್ಲ. ಮನೆಯಲ್ಲಿ ಎಲ್ಲರನ್ನೂ ಮೂಸಿ ನೋಡುವವನ ಹಾಗೆ ಓಡಾಡಿದ. ಕೈ ತೊಳೆಯದೆ ಕಾರು ಮುಟ್ಟಬೇಡಿ ಎಂದ. ಅಬ್ಬಿ ಒಂದು ವಾರ ಮನೆಯೊಳಗೆ ಮೀನು ತರಲಿಲ್ಲ, ಬಂದರಿನ ಕಡೆ ಹೋಗಲಿಲ್ಲ. ಬರೀ ಉಪ್ಪಿನಕಾಯಿಯಲ್ಲಿ ಊಟ ಮಾಡಿ ನನ್ನ ನಾಲಗೆ ಸತ್ತುಹೋಗಿತ್ತು. ಗೊಣಗಿದರೆ, "ಅವ್ನಿಗ್ ಬೇಜಾರ್ ಆಪ್ದ್ ಬ್ಯಾಡ, ಸುಮ್ನೆ ಉಣ್" ಎಂದು ಗದರಿದಳು.

ಬೈಂದೂರಿಗೆ ಹೊರಡುವ ಬೆಳಿಗ್ಗೆ ಅಬ್ಬಿ ಎರಡೆರಡು ಸಲ ಸೋಪು ಹಾಕಿ ಮಿಂದಳು. ಅಣ್ಣ ತಂದ ಮುಂಬಯಿ ಸೀರೆ ಉಟ್ಟಳು, ಮಲ್ಲಿಗೆ ಮುಡಿದಳು. ಅಕ್ಕಪಕ್ಕದ ಹೆಂಗಸರೆಲ್ಲ ಶೆಡ್ಡಿನ ಮುಂದೆ ಸೇರಿದ್ದರು, ಅವಳೇ ಹೇಳಿ ಕರೆಸಿದ್ದಳು. ಅಣ್ಣ ಕಾರನ್ನು ಹೊರಗೆ ತಂದು, ಇಳಿದು, ಎಡಗಡೆಯ ಬಾಗಿಲು ತೆಗೆದ. ಅಬ್ಬಿ ಸೆರಗು ಸರಿಮಾಡಿಕೊಂಡು ಬಗ್ಗಿದಳು.

"ತಡಿ ಅಬ್ಬಿ" ಎಂದು ಅವನು ಹಿಂದಿನಿಂದ ಒಂದು ಪ್ಲಾಸ್ಟಿಕ್ ಶೀಟು ತೆಗೆದು ಆ ಕೆನೆ ಬಣ್ಣದ ಸೀಟಿನ ಮೇಲೆ ಹಾಸಿದ. ಮೂಲೆಗಳನ್ನು ಒಳಗೆ ಸಿಕ್ಕಿಸಿ, ಕೈಯಿಂದ ಸಪಾಟು ಮಾಡಿದ. "ಹಾಂ, ಈಗ ಕೂಕೊ."

ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇಂದಿಗೂ ನಾನು ಯಾರ ಎದುರು ಬೇಕಾದರೂ ಹಾಗೇ ಹೇಳುತ್ತೇನೆ. ಆದರೆ ಹೇಳಿ ಏನು ಬಂತು? ಅಬ್ಬಿ ಬಗ್ಗಿದವಳು ಹಾಗೇ ನೆಟ್ಟಗಾದಳು. ಹೆಂಗಸರ ಕಡೆ ನೋಡಲಿಲ್ಲ. "ನೀ ಹೋಗ್ ಮಗಾ" ಅಂದಳು. "ಇದ್ ತಗ್ಗಿತ್ತ್, ನನ್ ಗಂಟ್ ನೋವಿಗೆ ಆತ್ತಿಲ್ಲ. ನಾ ಬಸ್ಸಂಗೆ ಬತ್ತೆ."

ನನ್ನ ಟ್ಯಾಕ್ಸಿ ಅಲ್ಲೇ ಇತ್ತು, ಹತ್ತು ಅಂದೆ. ಬೇಡ ಅಂದಳು. ತ್ರಾಸಿಯವರೆಗೆ ನಡೆದೇ ಹೊರಟಾಳು ಎನ್ನಿಸಿ ನಾನೂ ಜೊತೆಗೆ ಹೋದೆ. ಗಂಗೊಳ್ಳಿಯಲ್ಲಿ ಒಂದು ಬಸ್ಸು, ತ್ರಾಸಿಯಲ್ಲಿ ಇಳಿದು ಇನ್ನೊಂದು. ಹಿಂದಿನ ಸೀಟೇ ಅವಳ ರೂಢಿ, ಅಲ್ಲೇ ಕೂತಳು. ಮರವಂತೆ ಹತ್ತಿರ ಬರುವಾಗ ನಾನು ಹಿಂದಿನ ಗಾಜಿನಲ್ಲಿ ನೋಡಿದೆ. ಕೆಂಪು ಕಾರು ಬಸ್ಸಿನ ಹಿಂದೆಯೇ ಬರುತ್ತಿತ್ತು.

ಕಾರಿನ ತಾಕತ್ತು ನಾನು ಕಂಡದ್ದು ಅಷ್ಟೇ. ಗಾಳಿಗಿಂತ ಮುಂದೆ ಓಡಬೇಕಾದ ಎಂಜಿನ್ನು ಲಡಕಾಸಿ ಬಸ್ಸಿನ ಹೊಗೆ ಕುಡಿಯುತ್ತ, ಬಸ್ಸು ನಿಂತಲ್ಲೆಲ್ಲ ನಿಲ್ಲುತ್ತ, ಗುರುಗುಟ್ಟುತ್ತ ಬಂತು. ಎಡಗಡೆಯ ಸೀಟು ಖಾಲಿ, ಪ್ಲಾಸ್ಟಿಕ್ಕು ಬಿಸಿಲಿಗೆ ಮಿರಮಿರ ಎನ್ನುತ್ತಿತ್ತು. ಕಂಡಕ್ಟರು ಬಾಗಿಲಲ್ಲಿ ನಿಂತು ಮುಂದೆ ಹೋಗು ಎಂದು ಕೈ ಬೀಸಿ ಬೀಸಿ ಸೋತ. ಕೊನೆಗೆ ಅಬ್ಬಿಯ ಹತ್ತಿರ ಬಗ್ಗಿ, "ಯಾರಮ್ಮ ಅದ್? ಅಷ್ಟ್ ದೊಡ್ಡ್ ಗಾಡಿ ಇಟ್ಕಂಡ್ ನಮ್ ಹಿಂದೆ ಎಂತಕ್ ಬತ್ತಾ ಇತ್ತ್?" ಎಂದ.

ಇಪ್ಪತ್ತು ವರ್ಷ ಅವಳು ಕಾದಿದ್ದದ್ದು ಈ ಪ್ರಶ್ನೆಗೇ. ಇದೇ ರಸ್ತೆಯಲ್ಲಿ, ಇಂಥದೇ ಕಂಡಕ್ಟರು ಕೇಳಬೇಕಿತ್ತು. ಅವಳು ಹಿಂತಿರುಗಿ ನೋಡಲಿಲ್ಲ. "ಗೊತ್ತಿಲ್ಲ ಮಗಾ" ಅಂದಳು. "ಯಾರೋ ದೊಡ್ಡೋರ್ ಇಪ್ಪುಕ್ ಸಾಕ್."

ಅಣ್ಣ ಮರುದಿನವೇ ಮುಂಬಯಿಗೆ ರೈಲು ಹತ್ತಿದ. ಕಾರು ಶೆಡ್ಡಿಗೆ ವಾಪಸಾಯಿತು. ಅಬ್ಬಿ ಮತ್ತೆ ಅದನ್ನು ಒರೆಸಲು ಹೋಗಲಿಲ್ಲ. ಎರಡು ಮಳೆಗಾಲ ಕಳೆದ ಮೇಲೆ ತೀರಿಕೊಂಡಳು. ಅಣ್ಣ ಬಂದಾಗ ಎಲ್ಲ ಮುಗಿದಿತ್ತು, ಶೆಡ್ಡಿನ ಕಡೆ ಕಾಲೂ ಹಾಕದೆ ಹೋದ.

ಬ್ರಹ್ಮಾವರದವನು ಕಾರಿನ ಕೆಳಗೆ ಬಗ್ಗಿ ತುಕ್ಕು ಕೆರೆದು ನೋಡಿದ, ಬಾನೆಟ್ಟು ಎತ್ತಿಸಿದ, ಮೂಗಿಗೆ ಕರವಸ್ತ್ರ ಹಿಡಿದು ಒಳಗೆ ತಲೆ ಹಾಕಿದ. ಎಡಗಡೆ ಆ ಪ್ಲಾಸ್ಟಿಕ್ಕು ಹಾಸಿದ ಹಾಗೇ ಇತ್ತು, ಮೇಲೆ ದಪ್ಪ ಧೂಳು. ಅವನು ಒಂದು ಮೂಲೆ ಎತ್ತಿದ. ಕೆಳಗೆ ಕೆನೆ ಬಣ್ಣ ಒಂದಿಷ್ಟೂ ಮಾಸಿರಲಿಲ್ಲ.

"ಈ ಸೀಟ್ ಹೊಸ್ತೇ ಇತ್ತಲೆ! ಯಾರೂ ಕೂಕಣ್ಲಿಲ್ಯಾ?"

"ಇಲ್ಲ" ಅಂದೆ. "ಕೂಕಂಬವ್ರ್ ಬಸ್ಸಂಗೆ ಹೋದ್ರ್."