ಮಳೆ ಪುಸ್ತಕದ ಮೂರು ಗೀಟು

ಕಟಕೋಳದ ಹತ್ತಿರದ ನಮ್ಮೂರಿನ ಶಾಲೆಯ ಅಂಗಳದಲ್ಲಿ ಮಳೆಮಾಪಕವಿತ್ತು. ಅಲ್ಲಿ ಮಾಸ್ತರರಾಗಿದ್ದ ಅಪ್ಪ ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದರು. ಮಳೆಯಾಗದ ದಿನ ಸೊನ್ನೆ, ಅಳೆಯದ ದಿನ ಗೀಟು. ಎರಡೂ ಒಂದಲ್ಲವೆಂದು ನನಗೆ ಕಲಿಸಿದವರೂ ಅವರೇ. ಆ ಪಾಠ ಹಿಡಿದೇ ನಾನು ಧಾರವಾಡದ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಗಳ ಬಾಯಿ ಮುಚ್ಚಿಸುತ್ತಿದ್ದೆ. ಲೆಕ್ಕ ಸಿಕ್ಕಿಲ್ಲ ಅಂದಮಾತ್ರಕ್ಕೆ ಏನೂ ನಡೆದಿಲ್ಲ ಅಂತಲ್ಲ!

ಇಸವಿ ಎರಡು ಸಾವಿರದ ಆಚೀಚೆಯ ಒಂದು ವರ್ಷ ಊರ ಬಾವಿ ಬತ್ತಿತು. ಬರದ ಪಟ್ಟಿ ಸೇರಿದರೆ ಮಾತ್ರ ನೀರಿನ ಟ್ಯಾಂಕರ್. ಸೇರಲು, ಮಳೆಗಾಲದಲ್ಲಿ ಸತತ ನಾಲ್ಕು ವಾರ ಒಣಗಿದ್ದನ್ನು ಪುಸ್ತಕ ತೋರಿಸಬೇಕು. ನಮ್ಮ ನಾಲ್ಕು ವಾರದ ನಡುವೆ ಮೂರು ಗೀಟು. ಅಪ್ಪ ನನ್ನ ಚರ್ಚಾಸ್ಪರ್ಧೆ ಕೇಳಲು ಧಾರವಾಡಕ್ಕೆ ಬಂದಿದ್ದ ದಿನಗಳವು. ಆಗೊಂದು ಸಂಜೆ ಜೋರು ಮಳೆ ಹೊಡೆದು ಅವ್ವನ ಹಪ್ಪಳ ತೊಯ್ದಿದ್ದವು. ಅಪ್ಪ ಮರಳುವಷ್ಟರಲ್ಲಿ ಹುಡುಗರು ಮಾಪಕದ ನೀರು ಚೆಲ್ಲಿದ್ದರು. ಆ ಮಳೆಯಿಂದ ಬಾವಿಗೇನೂ ಬರಲಿಲ್ಲ ಬಿಡಿ. ಗೀಟನ್ನು ಸೊನ್ನೆ ಮಾಡಿದರೆ ಬರ ಖರೆ, ಪುರಾವೆ ಸುಳ್ಳು. ವೇದಿಕೆಯಲ್ಲಿ ಯಾರಾದರೂ ಇಂಥ ವಾದ ಹೂಡಿದ್ದರೆ ಎರಡೇ ನಿಮಿಷದಲ್ಲಿ ಕೆಡವುತ್ತಿದ್ದೆ.

ಪುಸ್ತಕ ನೋಡಲು ರಾಮದುರ್ಗದ ತಾಲೂಕು ಕಚೇರಿಯಿಂದ ಸಾಹೇಬರು ಬಂದರು. ಓಣಿಯ ಹೆಂಗಸರು ಖಾಲಿ ಕೊಡ ಹಿಡಿದೇ ಶಾಲೆಯ ಬಾಗಿಲಿಗೆ ನಿಂತರು. ರಜೆಗೆ ಊರಿಗೆ ಬಂದಿದ್ದ ನಾನು ಅಪ್ಪನ ಪಕ್ಕದಲ್ಲಿದ್ದೆ.

“ಏನ್ರಿ ಮಾಸ್ತರ, ಈ ಗೀಟು ಅಂದ್ರ ಸೊನ್ನಿ ಏನು?”

“ಇಲ್ರಿ ಸಾಹೇಬರ, ಅವತ್ತ ನಾ ಊರಾಗ...” ಅಪ್ಪ ಶುರುಮಾಡಿದರು.

“ಮಾಸ್ತರನ್ನ ಏನ್ ಕೇಳ್ತೀರಿ?” ಪಕ್ಕದ ಮನೆಯ ಆಯಿ ಬಾಗಿಲಿಂದಲೇ ಕೂಗಿದಳು. “ಆ ವಕೀಲ್ತಿನ್ನ ಕೇಳ್ರಿ. ಮನ್ಯಾಗ ಅಕಿದ ನಡಿತೈತಿ!”

ವಾದ ಮಾಡುವ ನನಗೆ ಓಣಿಯವರಿಟ್ಟ ಹೆಸರದು; ಎಲ್ಲರೂ ನಕ್ಕರು. ಸಾಹೇಬರು ನನ್ನತ್ತ ತಿರುಗಿದರು.

“ಸೊನ್ನಿನ ರೀ,” ಎಂದೆ. “ಅಪ್ಪಾರು ಅವಸರದಾಗ ಹಂಗ ಗೀಟ ಎಳೀತಾರ.”

“ಹಂಗಾರ ತಿದ್ದಿ ಸಹಿ ಮಾಡ್ರಿ ಮಾಸ್ತರ.”

ಅಪ್ಪ ಪೆನ್ನಿನ ಟೊಪ್ಪಿಗೆ ತೆಗೆದು ನನ್ನ ಮುಖ ನೋಡಿದರು. “ಖರೇನ ಏನವಾ?”

ಹೌದೆಂದರೆ ಅಪ್ಪನ ಕೈಯಲ್ಲಿ ಸುಳ್ಳು ಬರೆಸಬೇಕು; ಅಲ್ಲವೆಂದರೆ ಆ ಕೊಡಗಳು ಹಾಗೇ ಮನೆಗೆ ಹೋಗಬೇಕು. ಮೂರನೆಯ ಮಾತೊಂದನ್ನು ಹುಡುಕಿದೆ.

“ಖರೇ ರೀ ಅಪ್ಪಾ.”

ಅವರು ತಿದ್ದಿ ಸಹಿ ಮಾಡಿದರು.

ಮುಂದಿನ ವಾರ ಟ್ಯಾಂಕರ್ ಬಂತು. ಮೊದಲ ಕೊಡವನ್ನು ಓಣಿಯವರು ನನಗೇ ತುಂಬಿಸಿಕೊಟ್ಟರು. ಹೊತ್ತು ಮನೆಯೊಳಗೆ ಹೋದೆ. ಮಳೆ ಅಳೆಯುವ ಕೆಲಸ ತನಗಿನ್ನು ಬೇಡವೆಂದು ಅಪ್ಪ ಅರ್ಜಿ ಬರೆಯುತ್ತ ಕೂತಿದ್ದರು.

“ನೀರ ಎಲ್ಲಿ ಇಡ್ಲಿರಿ ಅಪ್ಪಾ?”

“ಅವ್ವನ್ನ ಕೇಳ,” ಎಂದರು, ತಲೆ ಎತ್ತದೆ.