ಗೇಟಿನಲ್ಲಿ ಉಳಿದ ಅಕ್ಕಿಮುಡಿ

ನಾನು ಚಿಕ್ಕವನಿದ್ದಾಗ ಘಟ್ಟದ ಮೇಲಿನ ನಿಟ್ಟೂರಿನ ನಮ್ಮ ಗದ್ದೆ ಕೊಯ್ಯಲು ಘಟ್ಟದ ಕೆಳಗಿನಿಂದ ಒಬ್ಬ ಅಕ್ಕ ಬರುತ್ತಿದ್ದಳು. ದೀಪಾವಳಿ ಕಳೆದ ಮೇಲೆ ನಡೆದೇ ಘಟ್ಟ ಹತ್ತಿ ಬಂದು, ಭತ್ತ ಬಡಿದು ಮುಗಿಯುವವರೆಗೆ ನಮ್ಮ ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ ಇರುತ್ತಿದ್ದಳು. ನಾವು ಮಕ್ಕಳು ಅವಳನ್ನು 'ಕೆಳಗಿನ ಅಕ್ಕ' ಎನ್ನುತ್ತಿದ್ದೆವು. ಬರುವಾಗ ಸೆರಗಿನ ಗಂಟಿನಲ್ಲಿ ನನಗೆಂದೇ ತಾಳೆಗರಿಯಲ್ಲಿ ಸುತ್ತಿದ ಓಲೆಬೆಲ್ಲ ತರುತ್ತಿದ್ದಳು. ಅದಕ್ಕೆ ಅವಳ ಬೆವರಿನ, ಎಲೆಯಡಿಕೆಯ ವಾಸನೆ ಹತ್ತಿರುತ್ತಿತ್ತು. ನನಗೆ ಅದೂ ಇಷ್ಟವೇ.

ಕೂಲಿಗೆ ಅವಳು ಅಕ್ಕಿಯನ್ನೇ ಕೇಳುತ್ತಿದ್ದಳು. ಊರಿನಲ್ಲಿ ಅವಳ ಇಬ್ಬರು ಮಕ್ಕಳು ಆ ಅಕ್ಕಿಗಾಗಿ ಕಾಯುತ್ತಿದ್ದರು. ಆ ವರ್ಷ ಎಲ್ಲೆಲ್ಲೂ ಅಕ್ಕಿಗೆ ಬರ. ಸರ್ಕಾರದ ಚೀಟಿ ಇಲ್ಲದೆ ಒಂದು ಜಿಲ್ಲೆಯ ಅಕ್ಕಿ ಇನ್ನೊಂದು ಜಿಲ್ಲೆಗೆ ಹೋಗುವಂತಿರಲಿಲ್ಲ. ಘಟ್ಟದ ದಾರಿಗೆ ಅಕ್ಕಿ ತಪಾಸಣೆಯ ಗೇಟು ಬಂದಿತ್ತು.

ಅಕ್ಕ ಹೊರಡುವ ಹಿಂದಿನ ದಿನ ನಾನು ಹಟ ಹಿಡಿದೆ. ಅವಳು ಅಕ್ಕಿಮುಡಿ ಕಟ್ಟುವುದನ್ನು ನೋಡಬೇಕು! ಹೊಸ ಹುಲ್ಲು ಹರಡಿ, ಅಕ್ಕಿ ಸುರಿದು, ಹುಲ್ಲಿನ ಹಗ್ಗ ಸುತ್ತಿ ಸುತ್ತಿ ಬಡಿದರೆ ಕುಂಬಳಕಾಯಿಯಂತೆ ಗುಂಡಗೆ ಆಗುತ್ತಿತ್ತು. ಒಂದು ಕಾಳೂ ಸೋರುತ್ತಿರಲಿಲ್ಲ.

"ಈ ಸಲ ಮುಡಿ ಬ್ಯಾಡ ಅಯ್ಯಾ. ಗೇಟಲ್ ಹಿಡಿತ್ರ್. ಸೊಂಟಕ್ಕೆ ಸಣ್ಣ ಗಂಟ್ ಕಟ್ಕಂಡ್, ಕಾಡ್ ದಾರಿಲ್ ಹೋತೆ" ಎಂದಳು ಅಕ್ಕ.

ಅಪ್ಪನಿಗೆ ಅದು ಸರಿಬರಲಿಲ್ಲ. ದುಡಿದವರನ್ನು ಮುಡಿ ಕೊಟ್ಟು ಕಳಿಸುವುದು ನಮ್ಮ ಮನೆಯ ಮರ್ಯಾದೆ. "ಕದ್ದ ಅಕ್ಕಿ ಏನೇ ಇದು? ತಲೆ ಮೇಲೆ ಇಟ್ಕಂಡು ಹೋಗು. ನಾನೇ ಬರ್ತೀನಿ, ಯಾರು ಕೇಳ್ತಾರೆ ನೋಡಣ" ಎಂದರು. ನಾನು ಕುಣಿದಾಡಿದೆ. ಅಕ್ಕ ಒಲ್ಲದ ಮನಸ್ಸಿನಿಂದಲೇ ಮುಡಿ ಕಟ್ಟಿದಳು.

ಬೆಳಿಗ್ಗೆ ಗಾಡಿಯಲ್ಲಿ ಗೇಟಿನವರೆಗೆ ಹೋದೆವು. ಮುಡಿಯನ್ನು ಮುಚ್ಚಿಡಲು ಎಲ್ಲಿ ಸಾಧ್ಯ? ಗೇಟಿನವನು ದೂರದಿಂದಲೇ ಕಂಡು ಎದ್ದು ನಿಂತ.

"ಪರ್ಮಿಟ್?"

"ನಮ್ಮನೆ ಕೊಯ್ಲಿನವಳು. ಕೂಲಿ ಅಕ್ಕಿ. ನಾನು ಹೇಳ್ತೀನಲ್ಲ" ಎಂದರು ಅಪ್ಪ.

"ಇವಳ ಹತ್ರ ರೇಷನ್ ಕಾರ್ಡಿಲ್ಲ, ಒಂದು ಚೀಟಿ ಇಲ್ಲ. ನಿಮ್ಮನೆಯವಳೇ ಆದ್ರೆ ಹೆಸರು ಹೇಳಿ ಗೌಡ್ರೇ."

ಅಪ್ಪ ಬಾಯಿ ತೆರೆದರು. ಆಮೇಲೆ ನನ್ನ ಮುಖ ನೋಡಿದರು. ನನಗೂ ಗೊತ್ತಿರಲಿಲ್ಲ. ಆರು ವರ್ಷ ನಮ್ಮ ಗದ್ದೆ ಕೊಯ್ದವಳು! ಅಕ್ಕ ಏನೋ ಹೇಳಹೋದಳು. "ನೀ ಸುಮ್ನಿರು, ಕೇಳಿದ್ದು ಅವರನ್ನ" ಎಂದು ಗೇಟಿನವನು ಗದರಿದ. ಮುಡಿಯನ್ನು ಒಳಗೆ ಉರುಳಿಸಿಕೊಂಡು ಹೋದ.

ಅಪ್ಪ ಕೂಗಾಡಿದರು, ಕೊನೆಗೆ ಕೈಮುಗಿದರು. ಅಪ್ಪ ಇನ್ನೊಬ್ಬರ ಮುಂದೆ ಕೈಮುಗಿದು ಬೇಡಿದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಏನೂ ಆಗಲಿಲ್ಲ. ಅಕ್ಕ ಅಳಲಿಲ್ಲ, ನಮ್ಮನ್ನು ಬೈಯಲೂ ಇಲ್ಲ. ನನ್ನ ಕೆನ್ನೆ ಸವರಿ, ಬರಿಗೈಯಲ್ಲಿ ಘಟ್ಟ ಇಳಿದಳು. ಮುಂದಿನ ವರ್ಷ ಅವಳು ಬರಲಿಲ್ಲ.

ಮಕ್ಕಳೇ, ಈಗ ಆ ಗೇಟಿಲ್ಲ. ಕಾರಿನಲ್ಲಿ ನಿದ್ದೆ ಮಾಡುತ್ತಲೇ ನೀವು ಘಟ್ಟ ಇಳಿಯುತ್ತೀರಿ. ನಮ್ಮ ಗದ್ದೆಗೆ ಕೆಲಸದವರು ಈಗ ರೈಲು ಹತ್ತಿ, ಎಲ್ಲಿಂದಲೋ ಬರುತ್ತಾರೆ. ಅವರ ಮಾತು ನನಗೆ ಒಂದಕ್ಷರ ತಿಳಿಯದು. ನೀವು ಮಾತ್ರ ಮೊದಲ ದಿನವೇ ಅವರೆಲ್ಲರ ಹೆಸರು ಕೇಳಿಕೊಂಡು ಬಂದು ನನಗೆ ಒಪ್ಪಿಸಿದಿರಿ. ಮೊನ್ನೆ ನನ್ನ ಕೆಳಗಿನ ಅಕ್ಕನನ್ನು ಮೊಬೈಲಿನಲ್ಲಿ ಹುಡುಕಿಕೊಡುತ್ತೇವೆ ಎಂದಿರಿ. "ಹೆಸರು ಹೇಳು ಅಜ್ಜ, ಸಾಕು" ಎಂದಿರಿ.

ಗೇಟಿನ ಮುಂದೆ ಅಪ್ಪ ನಿಂತ ಹಾಗೆ ನಿಮ್ಮ ಮುಂದೆ ನಿಂತೆ.