ಮೈರನ್ ಬೊಡ್ನಾರ್ ಹಿಂದಕ್ಕೆ ಕೊಟ್ಟ ಪಾಸು

ಮೈರನ್ ಬೊಡ್ನಾರ್ ಬಗ್ಗೆ ನಮ್ಮ ಕಾರ್ಸ್‌ಡೇಲ್‌ನಲ್ಲಿ ಯಾರನ್ನೇ ಕೇಳಿ, ಮೊದಲು ನಕ್ಕು ಆಮೇಲೆ ಮಾತಾಡುತ್ತಾರೆ. ನಗಲಿ. ಮೀಸೆ ಚಿಗುರಿದಾಗಿನಿಂದ ಈ ಊರಿನ ಐಸ್ ಹಾಕಿ ತಂಡಕ್ಕೆ ಮೈಯೊಡ್ಡಿದವನು ಅವನು. ಮುಂದಿನ ಹಲ್ಲುಗಳನ್ನೂ ಎಡಗಿವಿಯ ಒಂದು ಚೂರನ್ನೂ ಇದೇ ರಿಂಕಿನ ಮಂಜುಗಡ್ಡೆಯ ಮೇಲೆ ಕಳೆದುಕೊಂಡ. ನಗುವವರಿಗೆ ಅದು ನೆನಪಿರುವುದಿಲ್ಲ. ಅವರಿಗೆ ನೆನಪಿರುವುದು ಒಂದೇ ಒಂದು ಪಾಸು.

ಅವನ ಅಪ್ಪನ ಗೋಧಿ ಹೊಲದ ಪಕ್ಕ ಒಂದು ಹೊಂಡವಿತ್ತು, ಚಳಿಗಾಲಕ್ಕೆ ಹೆಪ್ಪುಗಟ್ಟಿ ಕಲ್ಲಾಗುತ್ತಿತ್ತು. ಅಣ್ಣಂದಿರಿಬ್ಬರಿಗೂ ಗೋಲು ಹೊಡೆಯುವ ಹುಚ್ಚು. "ನೀನು ಹಿಂದೆ ನಿಂತ್ಕೋ, ಬಂದಿದ್ದನ್ನ ತಡಿ" ಅಂತ ಇವನನ್ನು ಹಿಂದಕ್ಕೆ ತಳ್ಳಿದರು. ಹಾಗಾಗಿ ಮುಂದಕ್ಕೆ ಸ್ಕೇಟ್ ಮಾಡುವುದಕ್ಕಿಂತ ಮೊದಲೇ ಹಿಂದಕ್ಕೆ ಜಾರುವುದನ್ನು ಕಲಿತ. ಎದುರು ಬರುವವನ ಎದೆಯ ಮೇಲೆ ಕಣ್ಣಿಟ್ಟು, ಬೆನ್ನ ಹಿಂದೆ ಏನಿದೆ ಅಂತ ತಿರುಗಿ ನೋಡದೆ ಜಾರುವುದು. ಅಣ್ಣಂದಿರು ಟ್ರ್ಯಾಕ್ಟರ್ ಹತ್ತಿದರು, ಇವನು ಸಂಬಳದ ಆಟಗಾರನಾದ. ದೊಡ್ಡ ಲೀಗಿನವರು ಎರಡು ಸಲ ಕರೆಸಿಕೊಂಡು ಎರಡು ಸಲವೂ ವಾಪಸ್ ಕಳಿಸಿದರು. ಅದಕ್ಕೆಲ್ಲ ಅವನು ಮುಖ ಸಣ್ಣ ಮಾಡಿಕೊಂಡವನಲ್ಲ. ಡಿಫೆನ್ಸ್ ಆಟಗಾರನ ಹೆಸರು ಸ್ಕೋರ್ ಬೋರ್ಡಿನ ಮೇಲೆ ಬರುವುದಿಲ್ಲ ಅಂತ ಗೊತ್ತಿದ್ದೇ ಆ ಕೆಲಸ ಹಿಡಿದಿದ್ದ.

ಆ ಪಾಸಿನ ಕತೆ ಇಷ್ಟು. ಹಿಂದಿನ ವರ್ಷದ ಸೆಮಿಫೈನಲ್ ಸರಣಿ, ಕೊನೆಯ ಆಟ, ಎರಡೂ ಕಡೆ ಸಮ. ಎದುರಾಳಿಯೊಬ್ಬ ನಮ್ಮವನ ಕಾಲಿಗೆ ಕೋಲು ಕೊಟ್ಟು ಬೀಳಿಸಿದ. ರೆಫರಿ ಕೈ ಎತ್ತಿದ. ಕೈ ಎತ್ತಿದರೂ ಆಟ ನಡೆಯುತ್ತಲೇ ಇರುತ್ತದೆ. ತಪ್ಪು ಮಾಡಿದ ತಂಡಕ್ಕೆ ಪಕ್, ಆ ಕರಿ ರಬ್ಬರ್ ಬಿಲ್ಲೆ, ಸಿಕ್ಕ ಕ್ಷಣ ಸೀಟಿ, ಆಟ ನಿಲ್ಲುತ್ತದೆ. ಅಂದಮೇಲೆ ಅವರು ಗೋಲು ಹೊಡೆಯುವ ಮಾತೇ ಇಲ್ಲ. ಎಲ್ಲರೂ ಮಾಡುವ ಹಾಗೆ ನಮ್ಮ ಗೋಲ್‌ಕೀಪರ್ ಗೋಲು ಬಿಟ್ಟು ಬೆಂಚಿಗೆ ಬಂದ, ಅವನ ಬದಲು ದಾಳಿಗೆ ಇನ್ನೊಬ್ಬ ಇಳಿದ. ಪಕ್ ಮೈರನ್ನನ ಕೋಲಿನಲ್ಲಿತ್ತು. ಮುಂದೆ ದಾರಿಯಿಲ್ಲ. ಹಿಂದೆ ಎಡಕ್ಕೆ ಅವನ ಜೋಡಿ ಡ್ವೇನ್ ನಿಂತಿರಬೇಕಾದ ಜಾಗ. ಅಲ್ಲಿಗೆ ನೋಡದೆ ಕೊಟ್ಟ.

ಡ್ವೇನ್ ಅಲ್ಲಿರಲಿಲ್ಲ. ಸುಸ್ತಾಗಿ ಸದ್ದಿಲ್ಲದೆ ಬೆಂಚಿಗೆ ಜಾರಿದ್ದ. ಜಾಗ ಬಿಡುವವನು ಕೂಗಿ ಹೇಳಿ ಬಿಡಬೇಕು, ಹಾಲುಹಲ್ಲಿನ ಮಕ್ಕಳಿಗೂ ಮೊದಲು ಕಲಿಸುವುದು ಅದನ್ನೇ. ಪಕ್ ರಿಂಕಿನ ಉದ್ದಕ್ಕೂ ಅವಸರವೇ ಇಲ್ಲದೆ ಜಾರಿಕೊಂಡು ಹೋಗಿ ನಮ್ಮದೇ ಖಾಲಿ ಗೋಲಿಗೆ ಬಿತ್ತು. ಅಲ್ಲಿಗೆ ಆ ವರ್ಷ ಮುಗಿಯಿತು.

ಟೀವಿಯ ಕ್ಯಾಮೆರಾ ಪಕ್ಕಿನ ಹಿಂದೆ ಹೋಗಿತ್ತು, ಬೆಂಚಿನ ಕಡೆ ಯಾರೂ ನೋಡಲಿಲ್ಲ. ಕೋಚ್ ಮೆಕ್‌ಲೀಷ್ ನೋಡಿದ್ದ. ಆದರೆ ಡ್ವೇನ್ ಊರಿನ ಮುದ್ದಿನ ಹುಡುಗ, ದೊಡ್ಡ ಲೀಗಿನವರ ಕಣ್ಣು ಅವನ ಮೇಲಿತ್ತು. ಹಾಗಾಗಿ ಕೋಚ್ ಬಾಯಿ ಹೊಲಿದುಕೊಂಡ. ಮೈರನ್ ಹೇಳುವ ಹಾಗೂ ಇರಲಿಲ್ಲ. ಜೋಡಿಯವನ ತಪ್ಪನ್ನು ಹೊರಗೆ ಆಡುವವನ ಪಕ್ಕ ಯಾವ ತಂಡದಲ್ಲೂ ಯಾರೂ ಕೂರುವುದಿಲ್ಲ. ಪತ್ರಿಕೆಯವರು ಮೈಕ್ ಹಿಡಿದಾಗ ಅವನು, "ಪಾಸ್ ಸರಿಯಾಗಿತ್ತು," ಅಂದ. ಅಷ್ಟೇ ಅಂದ.

ಊರಿಗೆ ಉರಿ ಹತ್ತಿದ್ದು ಆ ಮಾತಿಗೆ. ಸೋತದ್ದನ್ನು ಮರೆಯುತ್ತಿದ್ದರೋ ಏನೋ, ತಲೆ ತಗ್ಗಿಸದವನನ್ನು ಹೇಗೆ ಬಿಟ್ಟಾರು? ಪೆಟ್ರೋಲ್ ಬಂಕಿನ ಹುಡುಗ ಚಿಲ್ಲರೆ ಕೊಡುತ್ತ, "ಹಿಂದಕ್ಕೆ ಕೊಡ್ತಿದೀನಿ ಸಾರ್, ನೋಡ್ಕೊಳಿ, ಗೋಲಿಗೆ ಹೋದೀತು," ಅಂದ.

"ತಗೊಳ್ಳೋನು ಇಲ್ಲೇ ನಿಂತಿದೀನಿ, ಕೊಡಪ್ಪ," ಅಂದ ಮೈರನ್.

ಮಾರನೆಯ ಚಳಿಗಾಲವಿಡೀ ಅವನ ಕೋಲಿಗೆ ಪಕ್ ಸಿಕ್ಕಾಗಲೆಲ್ಲ ನಮ್ಮ ಜನವೇ ಎದ್ದು ನಿಂತು "ಹಿಂದಕ್ಕೆ, ಹಿಂದಕ್ಕೆ" ಅಂತ ಲೇವಡಿ ಮಾಡಿದರು. ಹಿಂದಕ್ಕೆ ಕೊಡುವುದೇ ಸರಿ ಅನ್ನಿಸಿದಾಗ ಅವನು ಹಿಂದಕ್ಕೇ ಕೊಟ್ಟ. ಅವರ ಹೊಟ್ಟೆ ಇನ್ನಷ್ಟು ಉರಿಯಿತು.

ಅವನ ತಾಯಿ ಓಲ್ಗಾ ಚರ್ಚಿನ ನೆಲಮಾಳಿಗೆಯಲ್ಲಿ ಉಳಿದ ಹೆಂಗಸರ ಜೊತೆ ಆಲೂಗಡ್ಡೆ ತುಂಬಿದ ಪಿರೋಹಿ ಕಡುಬು ಮಡಿಸುವವಳು. ಅಲ್ಲಿ ಕಿವಿಗೆ ಬಿದ್ದದ್ದನ್ನೆಲ್ಲ ಮನೆಗೆ ತಂದು ಮಗನ ಮೇಲೆ ಸುರಿದಳು.

"ತಪ್ಪಾಯ್ತು ಅಂದ್ಬಿಟ್ರೆ ನಿನ್ನ ಗಂಟೇನೋ ಹೋಗತ್ತೆ?"

"ಮಾಡದೇ ಇರೋ ತಪ್ಪನ್ನ ಹೇಗಮ್ಮ ಒಪ್ಕೊಳ್ಳಲಿ?"

"ಹಾಗಾದ್ರೆ ಮಾಡಿದೋನ ಹೆಸರು ಹೇಳು."

"ಅದೂ ಆಗಲ್ಲ."

"ಥೇಟ್ ನಿಮ್ಮಪ್ಪ. ಕತ್ತೆ," ಅಂದಳು ಓಲ್ಗಾ. ಅಂದವಳೇ ಅವನ ತಟ್ಟೆಗೆ ಇನ್ನಷ್ಟು ಪಿರೋಹಿ, ಹುರಿದ ಈರುಳ್ಳಿ ಬಡಿಸಿದಳು.

ಈ ವರ್ಷ ಮತ್ತೆ ಸೆಮಿಫೈನಲ್ ಬಂತು, ಮತ್ತೆ ಕೊನೆಯ ಆಟದವರೆಗೂ ಎಳೆಯಿತು. ಇಬ್ಬರು ಡಿಫೆನ್ಸ್ ಆಟಗಾರರು ಗಾಯವಾಗಿ ಮಲಗಿದ್ದರಿಂದ ಬೇರೆ ದಾರಿಯಿಲ್ಲದೆ ಕೋಚ್ ಮೈರನ್ನನನ್ನೂ ಡ್ವೇನ್‌ನನ್ನೂ ಮತ್ತೆ ಜೋಡಿ ಮಾಡಿದ. ಆಟಕ್ಕೆ ಮುಂಚೆ ಮೈರನ್ನನನ್ನು ಪಕ್ಕಕ್ಕೆ ಕರೆದ.

"ಇವತ್ತು ಹಿಂದಕ್ಕೆ ಒಂದೇ ಒಂದು ಪಾಸ್ ಕೊಡು, ಮುಂದಿನ ವರ್ಷ ನಿನಗೆ ಇಲ್ಲಿ ಕೆಲಸ ಇಲ್ಲ."

"ಸರಿಯಾದ ಪಾಸ್ ಆದ್ರೂನಾ?"

"ಆದ್ರೂನು."

"ಹಾಗಿದ್ರೆ ಸ್ಕೇಟ್ ಈಗ್ಲೇ ಬಿಚ್ಚಿಡ್ಲಾ ಕೋಚ್? ನೀವೇ ಇಳಿದು ಆಡಿ."

ಕೋಚ್ ಹಲ್ಲು ಕಚ್ಚಿಕೊಂಡು ಬೆಂಚಿನ ಕಡೆ ನಡೆದ. ಮೈರನ್ನನಿಗೆ ಮೂವತ್ತು ದಾಟಿ ವರ್ಷಗಳಾಗಿದ್ದವು, ಇಲ್ಲಿ ಬಿಟ್ಟರೆ ಬೇರೆ ಯಾರೂ ಕರೆಯುವುದಿಲ್ಲ ಅನ್ನುವುದು ಇಬ್ಬರಿಗೂ ಗೊತ್ತಿತ್ತು.

ಆಟದ ಕೊನೆಯ ನಿಮಿಷ. ನಾವು ಒಂದು ಗೋಲು ಮುಂದೆ. ಎದುರಾಳಿಗಳು ತಮ್ಮ ಗೋಲ್‌ಕೀಪರನನ್ನು ತೆಗೆದು ಎಲ್ಲರನ್ನೂ ನಮ್ಮ ಮೇಲೆ ನುಗ್ಗಿಸಿದರು. ಅವರ ಹೊಡೆತವೊಂದನ್ನು ಮೈರನ್ ಪಾದ ಕೊಟ್ಟು ತಡೆದ. ಒಳಗೆ ಏನೋ ಮುರಿದದ್ದು ಅವನಿಗೇ ಕೇಳಿಸಿತು. ಬಿದ್ದ, ಎದ್ದ. ಪಕ್ ಅವನ ಕೋಲಿಗೇ ಬಂತು. ತಲೆ ಎತ್ತಿದರೆ ದೂರದಲ್ಲಿ ಅವರ ಗೋಲು ಬಟಾಬಯಲು.

ರಿಂಕಿಗೆ ರಿಂಕೇ ಎದ್ದು ನಿಂತಿತು. ಲೇವಡಿ ಮಾಡಿದ ಬಾಯಿಗಳೇ "ಹೊಡಿ, ಹೊಡಿಯೋ" ಅಂತ ಅಂಗಲಾಚಿದವು. ಅವನು ಗೋಲು ಹೊಡೆದು ಎಷ್ಟು ವರ್ಷವಾಗಿತ್ತೋ. ಹೊಡೆದಿದ್ದರೆ ಅವತ್ತೇ ಊರು ಅವನನ್ನು ಹೆಗಲ ಮೇಲೆ ಹೊರುತ್ತಿತ್ತು. ಆದರೆ ಒಂಟಿ ಕಾಲಿನ ಹೊಡೆತ ಗುರಿ ತಪ್ಪಿದರೆ ನಿಯಮದ ಪ್ರಕಾರ ಆಟ ಮತ್ತೆ ನಮ್ಮ ಗೋಲಿನ ಬಾಗಿಲಿಗೇ ಬಂದು ಶುರುವಾಗುತ್ತದೆ, ದಣಿದವರು ಬದಲಾಗುವ ಹಾಗೂ ಇಲ್ಲ. ಮೈರನ್ ನೋಡದೆ ಹಿಂದಕ್ಕೆ ಕೊಟ್ಟ.

ಡ್ವೇನ್ ಅಲ್ಲಿದ್ದ. ಪಕ್ ತೆಗೆದುಕೊಂಡು ನಮ್ಮ ಗೋಲಿನ ಹಿಂದೆ ಸುತ್ತಿ, ರಿಂಕಿನ ಅಂಚಿನ ಕಟ್ಟೆಗೆ ಒತ್ತಿ ಹಿಡಿದು ನಿಂತ. ಆಟ ಮುಗಿದ ಭೋಂಗಾ ಮೊಳಗಿತು, ನಾವು ಗೆದ್ದಿದ್ದೆವು.

ಮೈರನ್ ಕುಂಟುತ್ತ ಬೆಂಚಿನ ಹತ್ತಿರ ಬಂದ. "ಸ್ಕೇಟ್ ಎಲ್ಲಿ ಬಿಚ್ಚಿಡ್ಬೇಕು ತೋರ್ಸಿ ಕೋಚ್," ಅಂದ.

ಕೋಚ್ ಎಲ್ಲೋ ನೋಡುತ್ತ, "ಸೋಮವಾರ ಬಂದು ಮುಂದಿನ ವರ್ಷದ ಕರಾರಿಗೆ ಸಹಿ ಹಾಕು. ಮೊದ್ಲು ಕಾಲು ತೋರ್ಸು ಹೋಗು," ಅಂದ.

ಒಳಗೆ ಡ್ವೇನ್ ಅವನ ಎದುರು ಮಂಡಿಯೂರಿ ಕೂತು ಊದಿದ ಕಾಲಿನ ಬೂಟು ಬಿಚ್ಚಿದ. ಕಣ್ಣು ಕೆಂಪಗಾಗಿತ್ತು.

"ಅವತ್ತು ಜಾಗ ಬಿಟ್ಟಿದ್ದು ನಾನು ಅಂತ ಹೊರಗೆ ಹೇಳ್ಬಿಡ್ತೀನಿ ಮೈರನ್."

"ನನಗೋಸ್ಕರ ಆದ್ರೆ ಬೇಡ ಕಣೋ."

"ನಿನಗಲ್ಲ. ನನಗೆ ನಿದ್ದೆ ಬರ್ತಿಲ್ಲ."

ಡ್ವೇನ್ ಹೋಗಿ ಮೈಕುಗಳ ಮುಂದೆ ಎಲ್ಲವನ್ನೂ ಹೇಳಿದ. ಹೇಳಿ ಮುಗಿಸುವಷ್ಟರಲ್ಲಿ ಪತ್ರಿಕೆಯವರೆಲ್ಲ ದಡದಡ ಒಳಗೆ ನುಗ್ಗಿದರು. ಮೈರನ್ ಐಸಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದ. ಮುಂದಿದ್ದವನು ಮುಖದ ತುಂಬ ನಗು ತಂದುಕೊಂಡು ಕೇಳಿದ: "ಇನ್ನೇನು ಸಾರ್, ಊರಿನವರು ನಿಮ್ಮನ್ನ ಕ್ಷಮಿಸ್ಬಿಟ್ಟ ಹಾಗೇ, ಅಲ್ವಾ?"

ಮೈರನ್ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದ.

"ಉಲ್ಟಾ ಕೇಳ್ತಿದೀರಲ್ಲ. ಕ್ಷಮಿಸೋದು ಬಿಡೋದು ನನಗೆ ಬಿಟ್ಟಿದ್ದು. ನಾನಿನ್ನೂ ಯೋಚ್ನೆ ಮಾಡಿಲ್ಲ."